ಗೊರಕೆ ಕೇಳಿಸಿದರೆ ಎಬ್ಬಿಸಿ ನೋಡಿ: ಗುಳಿಗೆಯೂ ಎಣ್ಣೆಯೂ ಕೂಡಿದಾಗ

ರಾಯಚೂರು ಸೀಮೆಯ ಸರ್ಕಾರಿ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಬಹಳ ವರ್ಷ ದುಡಿದ ವೈದ್ಯ ನಾನು. ಹಾವು ಕಡಿದವರು, ಎಣ್ಣೆಕಾಳಿನ ಹೊಲಕ್ಕೆ ಹೊಡೆಯುವ ಔಷಧಿ ಕುಡಿದವರು, ಬೈಕಿನಿಂದ ಬಿದ್ದವರು ಬಂದರೆ ಇಡೀ ವಾರ್ಡು ಎದ್ದು ಓಡುತ್ತದೆ. ನಿದ್ದೆ ಗುಳಿಗೆ ನುಂಗಿ ಮೇಲೆ ಕುಡಿದವರು ಬಂದಾಗ ಹಾಗೆ ಯಾರೂ ಓಡುವುದಿಲ್ಲ. ನಾಲ್ಕು ಮಂದಿ ಎತ್ತಿಕೊಂಡು ಬಂದು ಮಂಚದ ಮೇಲೆ ಹಾಕಿ, "ಕುಡದು ಮಲಗ್ಯಾನ್ರಿ ಸಾಹೇಬ್ರ, ಏಳವಲ್ಲ" ಅನ್ನುತ್ತಾರೆ. ಕುಡಿದವನು ಎಂದು ಗೊತ್ತಾದ ಕೂಡಲೇ ಅವನ ಸರದಿ ಹಿಂದೆ ಬೀಳುತ್ತದೆ. ಅದು ಹಿಂದೆ ಬೀಳಬಾರದು. ಮನೆಯವರು, ಔಷಧಿ ಅಂಗಡಿಯವರು, ಈಗಷ್ಟೇ ಡ್ಯೂಟಿಗೆ ಬಂದ ಕಿರಿಯ ವೈದ್ಯರು ತಿಳಿದಿರಲಿ ಎಂದು ನಾನು ಕಲಿತಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

1. "ಬರೀ ಒಂದು ನೈಂಟಿ, ಬರೀ ಒಂದು ಗುಳಿಗೆ" ಎಂಬ ಲೆಕ್ಕ ನಡೆಯುವುದಿಲ್ಲ

ಮನೆಯವರು ಸುಳ್ಳು ಹೇಳುತ್ತಿರುವುದಿಲ್ಲ. ಅವನು ದಿನಾ ಕುಡಿಯುವುದಕ್ಕಿಂತ ಆ ದಿನ ಕಡಿಮೆಯೇ ಕುಡಿದಿರುತ್ತಾನೆ. ಗುಳಿಗೆಯೂ ಡಾಕ್ಟರು ಬರೆದುಕೊಟ್ಟದ್ದೇ, ಒಂದೋ ಎರಡೋ. ಹಾಗಿದ್ದರೆ ಇದೇಕೆ ಹೀಗಾಯಿತು ಎಂದು ಅವರಿಗೆ ದಿಗಿಲು.

ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವುದು ಅದರ ಕೆಲಸ. ಆಲ್ಪ್ರಜೋಲಮ್, ಡಯಾಜೆಪಾಮ್, ಕ್ಲೊನಾಜೆಪಾಮ್, ಲೊರಾಜೆಪಾಮ್, ನೈಟ್ರಾಜೆಪಾಮ್ ಮೊದಲಾದ ಬೆಂಜೊಡಯಾಜೆಪೈನ್ ಗುಂಪಿನ ಗುಳಿಗೆಗಳು ಅದರ ಗ್ರಾಹಕಕ್ಕೆ ಅಂಟಿಕೊಂಡು ಆ ಕೆಲಸವನ್ನು ಹೆಚ್ಚಿಸುತ್ತವೆ. ಮದ್ಯವೂ ಅದೇ ಗ್ರಾಹಕದ ಇನ್ನೊಂದು ಜಾಗದಲ್ಲಿ ಕೈಯಿಟ್ಟು ಅದನ್ನೇ ಮಾಡುತ್ತದೆ. ಅದರ ಜೊತೆಗೆ, ನರಕೋಶಗಳನ್ನು ಚುರುಕಾಗಿಡುವ ಗ್ಲುಟಮೇಟ್ ಎಂಬ ರಾಸಾಯನಿಕದ ಬಾಯಿಯನ್ನೂ ಮುಚ್ಚಿಸುತ್ತದೆ. ಒಂದೇ ಹಗ್ಗವನ್ನು ಇಬ್ಬರು ಒಂದೇ ಕಡೆಗೆ ಜಗ್ಗಿದ ಹಾಗೆ. ಜಗ್ಗುತ್ತಾ ಹೋದಂತೆ ಮೊದಲು ಹೋಗುವುದು ಎಚ್ಚರ, ಆಮೇಲೆ ಗಂಟಲಿನ ಸ್ನಾಯುಗಳ ಬಿಗಿ, ಕೊನೆಗೆ ಮಿದುಳುಕಾಂಡದ ಕೆಳಭಾಗದಲ್ಲಿ ಕುಳಿತು ಉಸಿರಾಟ ನಡೆಸುವ ಕೇಂದ್ರ.

ಈ ಗುಳಿಗೆಗಳನ್ನು ಮಾತ್ರ ಹೆಚ್ಚಾಗಿ ನುಂಗಿದ ಆರೋಗ್ಯವಂತರಲ್ಲಿ ಬಹುಪಾಲು ಮಂದಿ ಸಕಾಲಕ್ಕೆ ಆರೈಕೆ ಸಿಕ್ಕರೆ ಉಳಿಯುತ್ತಾರೆ. ಹಳೆಯ ಬಾರ್ಬಿಟುರೇಟುಗಳನ್ನು ಬದಿಗೆ ಸರಿಸಿ 1960ರ ದಶಕದಲ್ಲಿ ಇವು ಮನೆಮಾತಾದದ್ದು ಅದೇ ಕಾರಣಕ್ಕೆ. ಆದರೆ "ಇದು ಸುರಕ್ಷಿತ ಗುಳಿಗೆ" ಎಂಬ ಮಾತು ಗುಳಿಗೆ ಒಂಟಿಯಾಗಿದ್ದಾಗ ಮಾತ್ರ ನಿಜ. ಜೊತೆಗೆ ಮದ್ಯವೋ, ಟ್ರಮಡಾಲ್, ಕೊಡೀನ್‌ನಂಥ ಅಫೀಮು ಜಾತಿಯ ನೋವಿನ ಔಷಧವೋ ಸೇರಿದರೆ ಆ ಮಾತಿಗೆ ಬೆಲೆಯಿಲ್ಲ.

"ನನಗ ರೂಢಿ ಐತ್ರಿ" ಎಂಬ ಧೈರ್ಯವೂ ಕೈಕೊಡುತ್ತದೆ. ರೂಢಿಯಾದ ದೇಹದಲ್ಲಿ ಅಮಲು ಬೇಗ ಕಡಿಮೆಯಾಗುತ್ತದೆ, ನಿದ್ದೆಯೂ ಬೇಗ ಕಡಿಮೆಯಾಗುತ್ತದೆ. ಉಸಿರಾಟದ ಕೇಂದ್ರ ಅಷ್ಟೇ ವೇಗದಲ್ಲಿ ರೂಢಿ ಮಾಡಿಕೊಳ್ಳುವುದಿಲ್ಲ. ಅಮಲಿಗಾಗಿ ಪ್ರಮಾಣ ಏರಿಸುವವನು ಉಸಿರಿನ ಅಂಚಿಗೆ ಹತ್ತಿರವಾಗುತ್ತಾ ಹೋಗುತ್ತಾನೆ. ಅದು ಅವನ ಅರಿವಿಗೆ ಬರುವುದಿಲ್ಲ.

2. ಗೊರಕೆಯನ್ನು ನಂಬಬೇಡಿ

ಈ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. "ರಾತ್ರಿ ಚೊಲೋ ನಿದ್ದಿ ಮಾಡ್ಯಾನ್ರಿ, ಗೊರಕಿ ಹೊಡೀತಿದ್ದ. ಮುಂಜಾನೆ ಎಬ್ಬಸಾಕ ಹೋದ್ರ ಮೈ ತಣ್ಣಗಿತ್ತು." ತಂದೆ, ಹೆಂಡತಿ, ರೂಮಿನ ಗೆಳೆಯ, ಹೇಳುವವರು ಬೇರೆಯಾದರೂ ಹೇಳುವ ಮಾತು ಇದೇ. ಗೊರಕೆ ಕೇಳಿಸುತ್ತಿದೆ ಅಂದರೆ ಉಸಿರಿದೆ, ಉಸಿರಿದ್ದರೆ ಭಯವಿಲ್ಲ ಎಂದು ಅವರು ಸಮಾಧಾನಪಟ್ಟುಕೊಂಡು ದೀಪ ಆರಿಸಿರುತ್ತಾರೆ.

ಆ ಗೊರಕೆ ಬೇರೆ ಜಾತಿಯದು. ಗಂಟಲಿನ ಸ್ನಾಯುಗಳು ಸಡಿಲಾಗಿ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿ ಅರ್ಧ ಮುಚ್ಚಿದಾಗ ಬರುವ ಸದ್ದು ಅದು. ಕೆಲವೊಮ್ಮೆ ಒಳಗೆ ನೀರು ಗುಳುಗುಳು ಅಂದಂತೆ ಕೇಳಿಸುತ್ತದೆ. ಎಂಜಲೋ ವಾಂತಿಯೋ ಗಂಟಲಲ್ಲಿ ನಿಂತಿದೆ ಎಂದರ್ಥ. ಎಚ್ಚರವಿದ್ದವನು ಕೆಮ್ಮಿ ಹೊರಹಾಕುತ್ತಾನೆ, ಇವನಿಗೆ ಕೆಮ್ಮೂ ಬರುವುದಿಲ್ಲ. ಕಟ್ಟಿದ ಮೂಗಿನಿಂದಲೋ ಬೊಜ್ಜಿನಿಂದಲೋ ಗೊರಕೆ ಹೊಡೆಯುವವನನ್ನು ಜೋರಾಗಿ ಅಲುಗಾಡಿಸಿದರೆ ಬೈದುಕೊಂಡಾದರೂ ಮಗ್ಗುಲು ಬದಲಿಸುತ್ತಾನೆ. ಅಲುಗಾಡಿಸಿದರೂ ಚಿವುಟಿದರೂ ಏಳದವನದು ನಿದ್ದೆಯಲ್ಲ.

ಮನೆಯಲ್ಲಿ ಮಾಡಬೇಕಾದ್ದು ಇಷ್ಟು. ಹೆಸರು ಹಿಡಿದು ಕೂಗಿ, ಭುಜ ಅಲುಗಿಸಿ. ಏಳದಿದ್ದರೆ ಅಂಗಾತ ಬಿಡದೆ ಎಡಮಗ್ಗುಲಿಗೆ ತಿರುಗಿಸಿ, ಮೇಲಿನ ಮೊಣಕಾಲನ್ನು ಮಡಚಿ ಮುಂದಕ್ಕೆ ಇಡಿ, ಬಾಯಿ ನೆಲದ ಕಡೆ ವಾಲಿರಲಿ. ವಾಂತಿಯಾದರೆ ಹೊರಗೆ ಹರಿದುಹೋಗುತ್ತದೆ. ಆಮೇಲೆ ಮೊಬೈಲಿನಲ್ಲಿ ಸಮಯ ನೋಡಿಕೊಂಡು ಒಂದು ಪೂರ್ತಿ ನಿಮಿಷ ಎದೆಯ ಏರಿಳಿತ ಎಣಿಸಿ. ಸಾಮಾನ್ಯವಾಗಿ 12ರಿಂದ 20 ಇರಬೇಕು. 10ಕ್ಕಿಂತ ಕಡಿಮೆಯಿದ್ದರೆ, ಎರಡು ಉಸಿರಿನ ನಡುವೆ 10 ಸೆಕೆಂಡಿಗೂ ಮೀರಿ ಬಿಡುವಿದ್ದರೆ, ತುಟಿ ಅಥವಾ ಉಗುರು ನೀಲಿಗಟ್ಟಿದ್ದರೆ, ಚಿವುಟಿದರೂ ಕೈ ಎಳೆದುಕೊಳ್ಳದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಉಸಿರಿನ ಎಣಿಕೆ ಸರಿಯಿದ್ದರೂ ಎಬ್ಬಿಸಿದಾಗ ಏಳದಿದ್ದರೆ ಕರೆ ಮಾಡಲೇಬೇಕು. ಗಾಡಿ ಬರುವವರೆಗೆ ಒಬ್ಬರು ಪಕ್ಕದಲ್ಲೇ ಕುಳಿತು ಎಣಿಸುತ್ತಿರಿ. ಉಸಿರು ನಿಂತೇಹೋದರೆ ಅಂಗಾತ ಮಲಗಿಸಿ, ಫೋನಿನಲ್ಲಿರುವ 108ರವರು ಹೇಳಿದಂತೆ ಎದೆ ಒತ್ತಲು ಶುರುಮಾಡಿ.

ಮಜ್ಜಿಗೆ ಕುಡಿಸಬೇಡಿ, ನಿಂಬೆರಸ ಬಾಯಿಗೆ ಹಿಂಡಬೇಡಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ನುಂಗುವ ಶಕ್ತಿ ಹೋದವನ ಬಾಯಿಗೆ ಹಾಕಿದ್ದು ಹೊಟ್ಟೆಗೆ ಹೋಗುವುದಿಲ್ಲ, ಶ್ವಾಸಕೋಶಕ್ಕೆ ಹೋಗುತ್ತದೆ. ತಣ್ಣೀರು ಸುರಿದರೆ ಮೈಯ ಬಿಸಿ ಇಳಿಯುತ್ತದೆ. ಮದ್ಯದಿಂದ ಮೊದಲೇ ದೇಹ ಬಿಸಿ ಕಳೆದುಕೊಳ್ಳುತ್ತಿರುತ್ತದೆ.

ಅಮೆರಿಕದ ನ್ಯೂಜೆರ್ಸಿಯ ಕರೆನ್ ಆನ್ ಕ್ವಿನ್‌ಲನ್ ಅವರ ಪ್ರಕರಣವನ್ನು ಕಾನೂನು ಓದುವವರು ದಯಾಮರಣದ ಅಧ್ಯಾಯದಲ್ಲಿ ಓದುತ್ತಾರೆ. ಕೃತಕ ಉಸಿರಾಟ ಯಂತ್ರ ತೆಗೆಯಲು ತಂದೆತಾಯಿ ನ್ಯಾಯಾಲಯಕ್ಕೆ ಹೋದರು, 1976ರಲ್ಲಿ ತೀರ್ಪು ಬಂತು, ಅದು ಹೆಸರಾಯಿತು. ನಾನು ಕಿರಿಯರಿಗೆ ಹೇಳುವುದು ಅದರ ಹಿಂದಿನ ರಾತ್ರಿಯನ್ನು. 1975ರ ಏಪ್ರಿಲ್. 21 ವರ್ಷದ ಹುಡುಗಿ, ತೂಕ ಇಳಿಸಲು ಊಟ ಬಿಟ್ಟಿದ್ದಳು. ಡಯಾಜೆಪಾಮ್ ತೆಗೆದುಕೊಂಡಿದ್ದಳು, ಗೆಳೆಯರ ಕೂಟದಲ್ಲಿ ಮದ್ಯ ಕುಡಿದಿದ್ದಳು. ತಲೆ ತಿರುಗುತ್ತದೆ ಎಂದಾಗ ಗೆಳೆಯರು ಮನೆಗೆ ಕರೆತಂದು ಮಲಗಿಸಿದರು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಉಸಿರು ನಿಂತಿತ್ತು. ಜೀವ ಉಳಿಯಿತು, ಪ್ರಜ್ಞೆ ಮರಳಲಿಲ್ಲ. 1985ರಲ್ಲಿ ತೀರಿಕೊಂಡಳು. ಗೆಳೆಯರು ಕೆಟ್ಟವರಾಗಿರಲಿಲ್ಲ. ಮಲಗಿದರೆ ಸರಿಹೋಗುತ್ತದೆ ಎಂದುಕೊಂಡಿದ್ದರು.

3. ಆಕ್ಸಿಮೀಟರ್ ನೋಡಿ ನೆಮ್ಮದಿಯಾಗಬೇಡಿ

ಇದು ಕಿರಿಯ ವೈದ್ಯರಿಗೆ, ನರ್ಸ್‌ಗಳಿಗೆ. ಮಾಸ್ಕ್ ಹಾಕಿ ಆಮ್ಲಜನಕ ಬಿಟ್ಟಿದ್ದೀರಿ. ಬೆರಳಿಗೆ ಸಿಕ್ಕಿಸಿದ ಯಂತ್ರ 97 ತೋರಿಸುತ್ತಿದೆ. ಕಡತದಲ್ಲಿ 97 ಎಂದು ಬರೆದು ಮುಂದಿನ ಮಂಚಕ್ಕೆ ಹೋಗಬೇಡಿ. ಮಾಸ್ಕ್ ಇದ್ದಾಗ ನಿಮಿಷಕ್ಕೆ ಆರೇಳು ಉಸಿರಿದ್ದರೂ ಆ ಅಂಕಿ ಚೆನ್ನಾಗಿಯೇ ಇರಬಹುದು. ಒಳಗೆ ಇಂಗಾಲದ ಡೈಆಕ್ಸೈಡ್ ಏರುತ್ತಿರುತ್ತದೆ, ಅದನ್ನು ಆ ಯಂತ್ರ ತೋರಿಸುವುದಿಲ್ಲ. ಮಂಚದ ಕಾಲ್ಗಡೆ ನಿಂತು, ಹೊದಿಕೆ ಸರಿಸಿ, ಎದೆ ಮತ್ತು ಹೊಟ್ಟೆ ನೋಡುತ್ತಾ ನೀವೇ ಎಣಿಸಿ. ದವಡೆಯನ್ನು ಎರಡೂ ಕೈಯಿಂದ ಮುಂದಕ್ಕೆ ಎತ್ತಿ ಹಿಡಿದಾಗ ಗೊರಕೆಯ ಸದ್ದು ಒಮ್ಮೆಲೇ ನಿಂತು ಎದೆ ಅಗಲವಾಗಿ ಎದ್ದರೆ, ಅಲ್ಲಿಯವರೆಗೆ ದಾರಿ ಮುಚ್ಚಿತ್ತು ಎಂದು ಗೊತ್ತಾಗುತ್ತದೆ.

ಸಕ್ಕರೆ ಪರೀಕ್ಷೆ ಮಾಡದೆ ಯಾರನ್ನೂ ಕುಡಿದವನೆಂದು ಬರೆಯಬೇಡಿ. ಊಟ ಬಿಟ್ಟು ಕುಡಿದವನ ರಕ್ತದ ಸಕ್ಕರೆ ಕುಸಿಯುತ್ತದೆ. ತಲೆಗೂದಲೊಳಗೆ ಬೆರಳಾಡಿಸಿ ಊತವಿದೆಯೇ ನೋಡಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿದ್ದರೆ ಅಫೀಮು ಜಾತಿಯ ಔಷಧವನ್ನು ನೆನೆಯಿರಿ, ಅದಕ್ಕೆ ನಾಲೊಕ್ಸೋನ್ ಇದೆ. ಬೆಂಜೊಡಯಾಜೆಪೈನ್‌ಗೂ ಫ್ಲುಮಾಜೆನಿಲ್ ಎಂಬ ಪ್ರತ್ಯೌಷಧವಿದೆ. ಆದರೆ ಅದು ಮದ್ಯದ ಪಾಲಿನ ಮೇಲೆ ಕೆಲಸ ಮಾಡುವುದಿಲ್ಲ, ಅದರ ಪ್ರಭಾವ ಗುಳಿಗೆಗಿಂತ ಬೇಗ ಇಳಿಯುತ್ತದೆ. ದಿನವೂ ಗುಳಿಗೆ ತಿನ್ನುವವನಿಗೆ ಕೊಟ್ಟರೆ ಫಿಟ್ಸ್ ಎಬ್ಬಿಸಬಹುದು. ಉಸಿರಿನ ದಾರಿ ಕಾಪಾಡಿ, ಬೇಕಾದರೆ ಟ್ಯೂಬ್ ಹಾಕಿ, ದೇಹ ತಾನಾಗಿ ಕರಗಿಸುವವರೆಗೆ ಕಾಯುವುದೇ ಬಹುಪಾಲು ಚಿಕಿತ್ಸೆ.

4. ಗಡಿಯಾರ ನೋಡಿ ಕುಡಿಯುವವರ ಲೆಕ್ಕ

"ಗುಳಿಗಿ ರಾತ್ರಿ ತಗೊಂಡಿದ್ದು, ಎಣ್ಣಿ ಮರುದಿನ ಸಂಜಿಗೆ. ಕೂಡಿಸಿಲ್ಲರಿ" ಅನ್ನುವವರು ಬಹಳ. ಆಲ್ಪ್ರಜೋಲಮ್ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು 11 ಗಂಟೆ, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಕ್ಲೊನಾಜೆಪಾಮ್‌ಗೆ 30ರಿಂದ 40 ಗಂಟೆ. ಡಯಾಜೆಪಾಮ್‌ಗೆ ಒಂದೆರಡು ದಿನ. ಅದು ದೇಹದೊಳಗೆ ಮಾರ್ಪಟ್ಟು ಆಗುವ ಇನ್ನೊಂದು ವಸ್ತುವೂ ಗುಳಿಗೆಯಂತೆಯೇ ಕೆಲಸ ಮಾಡುತ್ತದೆ, ಅದು ಹೋಗಲು ಇನ್ನೂ ದಿನಗಳು ಬೇಕು. ದಿನವೂ ತೆಗೆದುಕೊಳ್ಳುವವನ ದೇಹದಲ್ಲಿ ಗುಳಿಗೆ ಇಲ್ಲದ ಗಳಿಗೆಯೇ ಇಲ್ಲ. ಜೋಲ್ಪಿಡೆಮ್ ಬೇಗ ಹೋಗುತ್ತದೆ. ಆದರೆ ಹೆಂಗಸರಲ್ಲಿ ಅದೂ ನಿಧಾನ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಹೆಂಗಸರಿಗೆ ಹೇಳುವ ಪ್ರಮಾಣವನ್ನು ಅರ್ಧಕ್ಕಿಳಿಸಿದ್ದು ಬೆಳಿಗ್ಗೆ ಗಾಡಿ ಓಡಿಸುವಾಗಲೂ ಅದು ರಕ್ತದಲ್ಲಿ ಉಳಿದಿರುತ್ತಿತ್ತು ಎಂದೇ.

ಇನ್ನು ಎಣ್ಣೆಯ ಲೆಕ್ಕ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್ಮಿನಲ್ಲಿ ಮದ್ಯಸಾರ ಶೇ 42.8. 180 ಎಂಎಲ್‌ನ ಒಂದು ಕ್ವಾರ್ಟರ್ ಅಂದರೆ ಸುಮಾರು 60 ಗ್ರಾಂ ಶುದ್ಧ ಮದ್ಯ. ಯಕೃತ್ತು ಗಂಟೆಗೆ 7ರಿಂದ 10 ಗ್ರಾಂ ಕರಗಿಸೀತು. ರಾತ್ರಿ ಹತ್ತಕ್ಕೆ ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ ಬೆಳಗಿನ ಜಾವದವರೆಗೂ ಮದ್ಯವಿರುತ್ತದೆ.

ನಾನು ಹೆಚ್ಚು ಕಂಡ ದಾರಿ ಹೀಗಿದೆ. ಕುಡಿದರೆ ನಿದ್ದೆ ಬೇಗ ಹತ್ತುತ್ತದೆ, ಆದರೆ ಮದ್ಯ ಇಳಿಯುತ್ತಿದ್ದಂತೆ ಎರಡು ಮೂರು ಗಂಟೆಗೆ ನಿದ್ದೆ ಒಡೆಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಸಾಲ ನೆನಪಾಗುತ್ತದೆ. ಆಗ ಕೈ ದಿಂಬಿನ ಕೆಳಗಿನ ಸ್ಟ್ರಿಪ್ಪಿಗೆ ಹೋಗುತ್ತದೆ. ಕುಡಿದದ್ದು ನಿನ್ನೆ, ಗುಳಿಗೆ ಇವತ್ತು ಎಂದು ಅವನ ಲೆಕ್ಕ. ದೇಹಕ್ಕೆ ಅದು ಒಂದೇ ರಾತ್ರಿ. ಮನೆಯವರೆಲ್ಲ ಗಾಢನಿದ್ದೆಯಲ್ಲಿರುವ ಹೊತ್ತೂ ಅದೇ.

5. ಎಷ್ಟು ನುಂಗಿದ ಎಂದು ಅವನಿಗೇ ಗೊತ್ತಿರುವುದಿಲ್ಲ

ಮದ್ಯವೂ ಈ ಗುಳಿಗೆಗಳೂ ಹೊಸ ನೆನಪು ಕಟ್ಟುವ ಕೆಲಸವನ್ನು ತಡೆಯುತ್ತವೆ. ನಡೆದಾಡುತ್ತಾನೆ, ಮಾತಾಡುತ್ತಾನೆ, ಏನೂ ದಾಖಲಾಗಿರುವುದಿಲ್ಲ. ಗುಳಿಗೆ ನುಂಗಿದ್ದೇ ಮರೆತು ಮತ್ತೆ ನುಂಗುತ್ತಾನೆ. ಆದ್ದರಿಂದ ರೋಗಿಯ ಬಾಯಿಮಾತಿಗಿಂತ ಸ್ಟ್ರಿಪ್ಪನ್ನು ನಂಬಿ. ಖಾಲಿ ಸ್ಟ್ರಿಪ್, ಬಾಟಲಿ, ಪ್ಯಾಕೆಟ್ ಏನಿದ್ದರೂ ಆಸ್ಪತ್ರೆಗೆ ತನ್ನಿ.

6. "ನಿದ್ದೆ ಗುಳಿಗೆ ತಗೊಳ್ಳಂಗಿಲ್ರಿ" ಎಂಬ ಉತ್ತರ ಸಾಲದು

ನಿದ್ದೆ ಗುಳಿಗೆ ಎಂಬ ಹೆಸರಿನಲ್ಲಿ ಮನೆಗೆ ಬರದ ನಿದ್ದೆ ಗುಳಿಗೆಗಳೇ ಹೆಚ್ಚು. ಸಕ್ಕರೆ ಕಾಯಿಲೆಯ ಪಾದದ ಉರಿಗೆ ಕೊಡುವ "ನರದ ಗುಳಿಗೆ" ಪ್ರಿಗ್ಯಾಬಲಿನ್ ಅಥವಾ ಗ್ಯಾಬಾಪೆಂಟಿನ್ ಆಗಿರುತ್ತದೆ. ತಲೆನೋವಿಗೆ ರಾತ್ರಿ ಹೊತ್ತು ಕೊಡುವ ಚಿಕ್ಕ ಗುಳಿಗೆ ಅಮಿಟ್ರಿಪ್ಟಿಲಿನ್ ಇರಬಹುದು. ಬೆನ್ನುನೋವಿನ ಗುಳಿಗೆಯೊಳಗೆ ಟ್ರಮಡಾಲ್ ಅಥವಾ ಟಿಜಾನಿಡಿನ್ ಸೇರಿರುತ್ತದೆ. ನೆಗಡಿ ಗುಳಿಗೆಯಲ್ಲಿ ಕ್ಲೋರ್‌ಫೆನಿರಮಿನ್, ಕೆಲವು ಕೆಮ್ಮಿನ ಸಿರಪ್ಪಿನಲ್ಲಿ ಕೊಡೀನ್. ಫಿಟ್ಸಿಗೆ ಕೊಡುವ ಫಿನೋಬಾರ್ಬಿಟೋನ್ ಅಂತೂ ಹಳೆಯ ಬಾರ್ಬಿಟುರೇಟ್ ಗುಂಪಿನದೇ. ಇವೆಲ್ಲ ಮದ್ಯದ ಮಂಪರನ್ನು ಹೆಚ್ಚಿಸುತ್ತವೆ. ಕೆಲವು ಉಸಿರನ್ನೂ ತಗ್ಗಿಸುತ್ತವೆ. ಅಡುಗೆಮನೆ ಗೂಡಿನಲ್ಲಿರುವ ಪ್ಲಾಸ್ಟಿಕ್ ಚೀಲವನ್ನು ಹಾಗೇ ಎತ್ತಿಕೊಂಡು ಬರಲು ಹೇಳುತ್ತೇನೆ. ಅದನ್ನು ಮೇಜಿನ ಮೇಲೆ ಸುರಿದರೆ ಅರ್ಧ ರೋಗಚರಿತ್ರೆ ಅಲ್ಲೇ ಸಿಗುತ್ತದೆ.

7. ನಮ್ಮ ಕಡೆ ಗುಳಿಗೆ ಬಾಟಲಿಯೊಳಗೇ ಇರುತ್ತದೆ

ಬೆಂಗಳೂರಿನ ಸಹೋದ್ಯೋಗಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗುತ್ತದೆ. ಅಲ್ಲಿ ಗುಳಿಗೆಯನ್ನೂ ಮದ್ಯವನ್ನೂ ಕೂಡಿಸುವವನು ಕುಡಿಯುವವನೇ. ತೆಲಂಗಾಣದ ಗಡಿಗಂಟಿದ ನಮ್ಮ ಊರುಗಳಲ್ಲಿ ಮಾರುವವನೇ ಕೂಡಿಸಿರುತ್ತಾನೆ.

ಈಚಲು, ತಾಳೆ ಮರದಿಂದ ಇಳಿಸಿದ ನೀರಾ ಹುಳಿತರೆ ಸೇಂದಿ. ಅದರಲ್ಲಿ ಮದ್ಯಸಾರ ಬಿಯರಿನಷ್ಟೇ. ಮರ ಕಡಿಮೆ, ಕುಡಿಯುವವರು ಹೆಚ್ಚು. ಹಾಗಾಗಿ ನೀರು ಬೆರೆಯುತ್ತದೆ, ಸಿಹಿಗೆ ಸ್ಯಾಕರಿನ್ ಬೀಳುತ್ತದೆ, ತಪ್ಪಿಹೋದ ಅಮಲನ್ನು ತುಂಬಲು ಪುಡಿ ಬೀಳುತ್ತದೆ. ಆ ಪುಡಿ ಆಲ್ಪ್ರಜೋಲಮ್, ಡಯಾಜೆಪಾಮ್, ಇಲ್ಲವೇ ಜನ "ಸಿಎಚ್ ಪೌಡರ್" ಅನ್ನುವ ಕ್ಲೋರಲ್ ಹೈಡ್ರೇಟ್. ಕೆಲವು ಕಡೆ ಮರದ ಹನಿಯೂ ಇಲ್ಲದೆ ಬರೀ ನೀರು, ಪುಡಿಯಿಂದಲೇ "ಕೈ ಹೆಂಡ" ತಯಾರಾಗುತ್ತದೆ.

ಕ್ಲೋರಲ್ ಹೈಡ್ರೇಟ್ ಹಳೆಯ ಔಷಧ. ಜರ್ಮನಿಯ ಲೀಬಿಗ್ ಅದನ್ನು 1832ರಲ್ಲಿ ತಯಾರಿಸಿದರು, 1869ರಲ್ಲಿ ಲೀಬ್‌ರೈಶ್ ಅದನ್ನು ನಿದ್ದೆಯ ಔಷಧವಾಗಿ ಬಳಕೆಗೆ ತಂದರು. ಮದ್ಯದ ಜೊತೆ ಅದರ ಸ್ನೇಹ ಬಲು ಕೆಟ್ಟದ್ದು. ದೇಹದೊಳಗೆ ಎರಡನ್ನೂ ಮಾರ್ಪಡಿಸುವ ಕಿಣ್ವ ಒಂದೇ. ಮದ್ಯವಿದ್ದಾಗ ಕ್ಲೋರಲ್ ಹೈಡ್ರೇಟಿನಿಂದ ಟ್ರೈಕ್ಲೋರೋಎಥನಾಲ್ ಎಂಬ ಅಮಲಿನ ವಸ್ತು ಹೆಚ್ಚು ಹುಟ್ಟುತ್ತದೆ, ಅದು ತಿರುಗಿ ಮದ್ಯ ಕರಗುವುದನ್ನು ತಡೆಯುತ್ತದೆ. ಒಂದು ಇನ್ನೊಂದನ್ನು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸುತ್ತದೆ. ಇದರ ಮೇಲೆ, ಕ್ಲೋರಲ್ ಹೃದಯವನ್ನು ಕೆರಳಿಸಿ ಬಡಿತದ ತಾಳ ತಪ್ಪಿಸುತ್ತದೆ. ಸೇಂದಿ ಕುಡಿದು ಮಂಪರಿನಲ್ಲಿ ಬಂದವನ ಇಸಿಜಿಯಲ್ಲಿ ಹೆಚ್ಚುವರಿ ಬಡಿತ ಸಾಲುಸಾಲಾಗಿ ಬರುತ್ತಿದ್ದರೆ ಕಿರಿಯರು ಅಡ್ರಿನಲಿನ್‌ಗೆ ಕೈಹಾಕುವ ಮುನ್ನ ಕ್ಲೋರಲ್ ಇರಬಹುದೇ ಎಂದು ಯೋಚಿಸಬೇಕು. ಅಲ್ಲಿ ನೆರವಾಗುವುದು ಬೀಟಾ ಬ್ಲಾಕರ್.

ಕೂಲಿ ಮುಗಿಸಿ ಬಂದು ಮೈಕೈ ನೋವಿಗೆ ಒಂದು ಬಾಟಲಿ ಕುಡಿಯುವ ಹೆಂಗಸಿಗೆ ತಾನು ಬೆಂಜೊಡಯಾಜೆಪೈನ್ ತಿನ್ನುತ್ತಿದ್ದೇನೆ ಎಂದು ಗೊತ್ತಾಗುವುದು ಹೇಗೆ? ನೀವು ಅವಳನ್ನು ಗುಳಿಗೆ ತಿನ್ನುತ್ತೀಯಾ ಎಂದು ಕೇಳಿದರೆ ಇಲ್ಲ ಅನ್ನುತ್ತಾಳೆ, ನಿಜವನ್ನೇ ಹೇಳುತ್ತಾಳೆ. "ಹೆಂಡ ತಂಪ್ರಿ, ಅದೇನ್ ಸೆರಿ ಅಲ್ಲ" ಎಂದು ಕುಡಿತದ ಲೆಕ್ಕಕ್ಕೂ ಹಿಡಿಯುವುದಿಲ್ಲ. ನಮ್ಮ ಸೀಮೆಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಸೇಂದಿ ದಿನಾ ಎಷ್ಟು ಬಾಟಲಿ, ಕೊನೆಯ ಸಲ ಎಂದು, ಒಂದು ದಿನ ತಪ್ಪಿದರೆ ಕೈ ನಡುಗುತ್ತದೆಯೇ?

ಆ ಕೊನೆಯ ಪ್ರಶ್ನೆ ಮುಖ್ಯ. ಕಾಲು ಮುರಿದು ಮೂಳೆ ವಿಭಾಗಕ್ಕೆ ಸೇರಿದ ರೈತನೊಬ್ಬ ಮೂರನೆಯ ದಿನ ನಡುಗತೊಡಗುತ್ತಾನೆ. ಬೆವರು, ಗೋಡೆಯ ಮೇಲೆ ಹುಳ ಹರಿದಾಡಿದಂತೆ ಕೈಯಾಡಿಸುವುದು, ಕತ್ತು ಒಂದು ಕಡೆ ತಿರುಚಿಕೊಳ್ಳುವುದು, ಆಮೇಲೆ ಫಿಟ್ಸ್. ಮನೆಯವರು ಗಾಳಿ ಸೋಂಕು ಅನ್ನುತ್ತಾರೆ, ವಾರ್ಡಿನವರು ತಲೆಗೆ ಪೆಟ್ಟಾಗಿರಬೇಕು ಅನ್ನುತ್ತಾರೆ. ಸ್ಕ್ಯಾನಿಗೆ ಕಳಿಸುವ ಮೊದಲು ಹೆಂಡತಿಯನ್ನು ಪಕ್ಕಕ್ಕೆ ಕರೆದು ಸೇಂದಿಯ ಬಗ್ಗೆ ಕೇಳಿದರೆ ಉತ್ತರ ಸಿಗುವುದುಂಟು: ರೂಢಿಯಾದ ಪುಡಿ ಒಮ್ಮೆಲೇ ತಪ್ಪಿದ್ದರ ಫಲ ಇದು. ಸ್ಕ್ಯಾನ್ ಬೇಡವೆಂದಲ್ಲ, ಎರಡೂ ಆಗಬೇಕು.

8. ದಾಳಿ ಮಾಡಿ, ಆದರೆ ಮೊದಲು ಆಸ್ಪತ್ರೆಗೆ ತಿಳಿಸಿ

2015ರ ಸೆಪ್ಟೆಂಬರಿನಲ್ಲಿ ತೆಲಂಗಾಣದಲ್ಲಿ ಕಲಬೆರಕೆ ಸೇಂದಿಯ ಮೇಲೆ ಬಿಗಿ ಕ್ರಮವಾಯಿತು. ಪುಡಿ ಬೆರೆಯುವುದು ಒಮ್ಮೆಲೇ ನಿಂತಿತು. ನಿಜಾಮಾಬಾದ್, ಮೆಹಬೂಬ್‌ನಗರದ ಆಸ್ಪತ್ರೆಗಳಿಗೆ ಜನ ನೂರುಗಟ್ಟಲೆ ಬಂದರು. ಫಿಟ್ಸ್, ಭ್ರಮೆ, ನಾಲಿಗೆ ಕಚ್ಚಿಕೊಂಡವರು, ಹೊಡೆದಾಡುವವರು. ಸಾವುಗಳೂ ಆದವು. ಹತ್ತು ವರ್ಷದ ಮೇಲೆ, 2025ರ ಜುಲೈಯಲ್ಲಿ, ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ಕಲಬೆರಕೆ ಸೇಂದಿ ಕುಡಿದವರು ಆಸ್ಪತ್ರೆ ಸೇರಿದರು, ಕೆಲವರು ಸತ್ತರು, ಮಾದರಿಗಳಲ್ಲಿ ಆಲ್ಪ್ರಜೋಲಮ್ ಸಿಕ್ಕಿತು. ಬೆರೆಸಿದರೂ ಸಾವು, ಬೆರೆಸುವುದನ್ನು ಒಂದೇ ದಿನಕ್ಕೆ ನಿಲ್ಲಿಸಿದರೂ ಸಾವು.

ಅಬಕಾರಿ ದಾಳಿ ಬೇಡ ಎಂದು ನಾನು ಹೇಳುತ್ತಿಲ್ಲ. ಪುಡಿ ಮಾರುವವನ ಮೇಲೆ ನನಗೆ ಕರುಣೆಯಿಲ್ಲ. ಆದರೆ ಒಂದು ಊರಿನ ಅಂಗಡಿ ಮುಚ್ಚಿಸುವ ಮುನ್ನ ಆ ತಾಲ್ಲೂಕಿನ ಆರೋಗ್ಯಾಧಿಕಾರಿಗೆ ಸುದ್ದಿ ಹೋಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲೊರಾಜೆಪಾಮ್, ಡಯಾಜೆಪಾಮ್ ಚುಚ್ಚುಮದ್ದು, ಥಯಾಮಿನ್ ಇರಬೇಕು. ಆಶಾ ಕಾರ್ಯಕರ್ತೆಯರಿಗೆ ನಡುಕ, ಬೆವರು, ಗೊಂದಲ ಕಂಡರೆ ಎಲ್ಲಿಗೆ ಕಳಿಸಬೇಕು ಎಂದು ಗೊತ್ತಿರಬೇಕು. ಮದ್ಯ ಬಿಟ್ಟವರಿಗೆ ಫಿಟ್ಸ್ ಬರುವುದು ಸಾಮಾನ್ಯವಾಗಿ ಮೊದಲೆರಡು ದಿನದೊಳಗೆ, ಸನ್ನಿ ಏರುವುದು ಎರಡರಿಂದ ನಾಲ್ಕನೆಯ ದಿನದ ನಡುವೆ. ಡಯಾಜೆಪಾಮ್‌ನಂಥ ನಿಧಾನದ ಗುಳಿಗೆ ಬಿಟ್ಟವರಲ್ಲಿ ವಾರ ಕಳೆದ ಮೇಲೂ ಶುರುವಾಗಬಹುದು. ದಾಳಿಯ ಸುದ್ದಿ ಪತ್ರಿಕೆಯಲ್ಲಿ ಹಳತಾದ ಮೇಲೂ ವಾರ್ಡು ಎಚ್ಚರವಾಗಿರಬೇಕು.

ಇದೇ ಮಾತು ಮನೆಯವರಿಗೂ ಸಲ್ಲುತ್ತದೆ. ಈ ಬರಹ ಓದಿ ಹೆದರಿ ಅಪ್ಪನ ಗುಳಿಗೆಯನ್ನೆಲ್ಲ ಇವತ್ತೇ ಗಟಾರಕ್ಕೆ ಎಸೆಯಬೇಡಿ. ತಿಂಗಳುಗಟ್ಟಲೆ ತಿಂದ ಗುಳಿಗೆಯನ್ನು ವಾರವಾರ ಸ್ವಲ್ಪಸ್ವಲ್ಪವೇ, ವೈದ್ಯರ ಕಣ್ಣೆದುರು ಇಳಿಸಬೇಕು.

9. ಕುಡಿತ ಬಿಡಿಸಲು ಕೊಟ್ಟ ಗುಳಿಗೆಯನ್ನು ಹೆಂಡತಿಯ ಕೈಗೆ ಕೊಡಿ

ಕುಡಿತ ಬಿಡುವವನಿಗೆ ನಾವೇ ಕೊಡುವುದು ಕ್ಲೋರ್‌ಡಯಾಜೆಪಾಕ್ಸೈಡ್. ಯಕೃತ್ತು ಕೆಟ್ಟಿದ್ದರೆ ಲೊರಾಜೆಪಾಮ್. ಮದ್ಯ ಕುಳಿತಿದ್ದ ಜಾಗದಲ್ಲಿ ಅದನ್ನು ಕೂರಿಸಿ, ದಿನದಿನಕ್ಕೆ ಇಳಿಸಿ, ಫಿಟ್ಸನ್ನೂ ಸನ್ನಿಯನ್ನೂ ತಪ್ಪಿಸುವುದು ಉದ್ದೇಶ. ಜೀವ ಉಳಿಸುವ ಚಿಕಿತ್ಸೆ. ಅಪಾಯ ಶುರುವಾಗುವುದು ಐದಾರು ದಿನದ ಗುಳಿಗೆ ಕಟ್ಟಿಕೊಟ್ಟು ಮನೆಗೆ ಕಳಿಸಿದಾಗ. ಎರಡನೆಯ ಸಂಜೆ ಗೆಳೆಯ ಬಾಗಿಲಿಗೆ ಬಂದು ಕರೆಯುತ್ತಾನೆ. ಇವನು ಬೆಳಿಗ್ಗೆಯಿಂದ ಗುಳಿಗೆ ತಿಂದಿದ್ದಾನೆ, ಅದರ ಮೇಲೆ ಕುಡಿಯುತ್ತಾನೆ. "ಡಾಕ್ಟ್ರೇ ಕೊಟ್ಟಾರ, ಕುಡಿಯಾವ್ರಿಗೇ ಅಂತ ಇರೋ ಗುಳಿಗಿ" ಎಂದು ಅವನ ನಂಬಿಕೆ.

ಹಾಗಾಗಿ ಗುಳಿಗೆಯನ್ನು ನಾನು ಅವನ ಕೈಗೆ ಕೊಡುವುದಿಲ್ಲ. ಜೊತೆಗೆ ಬಂದ ಹೆಂಡತಿಗೋ ತಾಯಿಗೋ ಕೊಡುತ್ತೇನೆ. ಒಂದೊಂದು ಹೊತ್ತಿನದು ಬೇರೆ ಪೊಟ್ಟಣ. ಅವರಿಗೆ ಹೇಳಿಕೊಡುವುದು ಒಂದೇ: ಬಾಯಿ ವಾಸನೆ ಬಂದರೆ ಆ ಹೊತ್ತಿನ ಗುಳಿಗೆ ಕೊಡಬೇಡಿ, ಜಗಳವನ್ನೂ ಮಾಡಬೇಡಿ, ಅವನನ್ನು ಒಂಟಿಯಾಗಿ ಮಲಗಿಸಬೇಡಿ, ಬೆಳಿಗ್ಗೆ ಕರೆದುಕೊಂಡು ಬನ್ನಿ. ಮನೆಯಲ್ಲಿ ಯಾರೂ ಇಲ್ಲದವನನ್ನು, ಹಿಂದೆ ಫಿಟ್ಸ್ ಬಂದವನನ್ನು ಮನೆಗೆ ಕಳಿಸುವ ಮಾತೇ ಇಲ್ಲ, ವಾರ್ಡಿಗೆ ಸೇರಿಸಬೇಕು. ಮಂಚ ಖಾಲಿಯಿಲ್ಲ ಎಂಬುದು ನಿಜವಾದ ಕಷ್ಟ, ನನಗೆ ಗೊತ್ತು. ಆದರೂ ಅವನಿಗಾಗಿ ಮಂಚ ಹುಡುಕಬೇಕು.

10. ಅಂಗಡಿಯ ರಿಜಿಸ್ಟರ್

ಆಲ್ಪ್ರಜೋಲಮ್, ಡಯಾಜೆಪಾಮ್, ನೈಟ್ರಾಜೆಪಾಮ್, ಜೋಲ್ಪಿಡೆಮ್, ಟ್ರಮಡಾಲ್ ಇವು 2014ರ ಮಾರ್ಚ್‌ನಿಂದ ಜಾರಿಗೆ ಬಂದ ಶೆಡ್ಯೂಲ್ ಎಚ್1ರಲ್ಲಿವೆ. ಚೀಟಿಯಿಲ್ಲದೆ ಕೊಡುವಂತಿಲ್ಲ. ಬರೆದ ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಬಹಳ ಅಂಗಡಿಯವರು ನಿಯಮ ಪಾಲಿಸುತ್ತಾರೆ. ಪಾಲಿಸದವರು ಎಲ್ಲಿದ್ದಾರೆಂದು ಊರಿಗೆಲ್ಲ ಗೊತ್ತಿರುತ್ತದೆ. ಸಂಜೆ ಹೊತ್ತು ಬಾಯಿ ವಾಸನೆಯೊಂದಿಗೆ ಬಂದು ಹಳೆಯ ಚೀಟಿ ಚಾಚುವವನಿಗೆ "ನಾಳೆ ಬೆಳಿಗ್ಗೆ ಬನ್ನಿ" ಅನ್ನುವ ಅಂಗಡಿಯವನು ಒಂದು ಜೀವ ಉಳಿಸಿರಬಹುದು. ಅವನಿಗೆ ಅದಕ್ಕಾಗಿ ಯಾರೂ ಸನ್ಮಾನ ಮಾಡುವುದಿಲ್ಲ, ಆದರೂ ಮಾಡಬೇಕಾದ ಕೆಲಸ.

11. ಪೊಲೀಸರ ಭಯಕ್ಕೆ ಸುಳ್ಳು ಹೇಳಬೇಡಿ

ಬೇಕೆಂದೇ ನುಂಗಿದ ಗುಳಿಗೆಯಾದರೆ ಮನೆಯವರು ಮುಚ್ಚಿಡುತ್ತಾರೆ. "ಕುಡಿದಿದ್ದ ಅಷ್ಟೇ" ಎಂದು ಹೇಳಿ ಗುಳಿಗೆಯ ಮಾತೇ ಎತ್ತುವುದಿಲ್ಲ. ಕೇಸಾದೀತು, ಮಾನ ಹೋದೀತು ಎಂಬ ಭಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಬೇರೆ ರೀತಿ ಸಾಬೀತಾಗದ ಹೊರತು ಅವರನ್ನು ಶಿಕ್ಷಿಸುವಂತಿಲ್ಲ, ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋಗಬಹುದು. ಅದು ದಾಖಲೆ, ಶಿಕ್ಷೆಯಲ್ಲ. ಯಾವ ಗುಳಿಗೆ, ಎಷ್ಟು ಹೊತ್ತಿಗೆ, ಜೊತೆಗೆ ಏನು ಕುಡಿದ, ಇಷ್ಟನ್ನು ಮೊದಲ ನಿಮಿಷದಲ್ಲೇ ಹೇಳಿ. ನಾವು ಊಹೆಯಲ್ಲಿ ಕಳೆಯುವ ಪ್ರತಿ ನಿಮಿಷವೂ ರೋಗಿಯದು.

ಅಂಥ ಯೋಚನೆ ಬರುತ್ತಿರುವವರು ಇದನ್ನು ಓದುತ್ತಿದ್ದರೆ, ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಕುಡಿದ ಹೊತ್ತಿನಲ್ಲಿ ಕತ್ತಲೆ ಹೆಚ್ಚಾಗಿ ಕಾಣುತ್ತದೆ. ಮನೆಯಲ್ಲಿರುವ ಗುಳಿಗೆಗಳನ್ನು ಬೇರೆಯವರ ಸುಪರ್ದಿಗೆ ಕೊಟ್ಟುಬಿಡಿ.

12. ಗುಳಿಗೆ ಬರೆಯುವ ಮುನ್ನ

"ಕುಡಿತೀರಾ?" ಎಂದು ಕೇಳಿದರೆ, ಅದೂ ಹೆಂಡತಿಯ ಮುಂದೆ, "ಇಲ್ರಿ" ಎಂಬ ಉತ್ತರ ಬರುತ್ತದೆ. ಒಬ್ಬನನ್ನೇ ಕೂರಿಸಿಕೊಂಡು "ಕೊನೆಗೆ ಯಾವತ್ತು ತಗೊಂಡ್ರಿ, ಎಷ್ಟು?" ಎಂದು ಕೇಳಿ, ಮುಖದಲ್ಲಿ ತಿರಸ್ಕಾರ ಇರದಿರಲಿ. ಹೆಂಗಸರನ್ನೂ ಕೇಳಿ, ಎಪ್ಪತ್ತು ದಾಟಿದವರನ್ನೂ ಕೇಳಿ. ಮುದುಕರಲ್ಲಿ ಈ ಗುಳಿಗೆಗಳು ನಿಧಾನ ಕರಗುತ್ತವೆ, ರಾತ್ರಿ ಬಚ್ಚಲಿಗೆ ಎದ್ದಾಗ ಬಿದ್ದು ತೊಡೆಯ ಮೂಳೆ ಮುರಿಯುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ, ದಮ್ಮು ಇರುವವರಲ್ಲಿ ಅಪಾಯ ಇನ್ನೂ ಹೆಚ್ಚು.

ಕುಡಿಯುವುದು ಖಚಿತವಾದರೆ ನಿದ್ದೆಗೆಂದು ನಾನು ಬೆಂಜೊಡಯಾಜೆಪೈನ್ ಬರೆಯುವುದಿಲ್ಲ. ನಿದ್ದೆ ಕೆಡಿಸುತ್ತಿರುವುದು ಬಹಳ ಸಲ ಆ ಎಣ್ಣೆಯೇ ಎಂದು ವಿವರಿಸುತ್ತೇನೆ. ಖಿನ್ನತೆಯಿದೆಯೇ ನೋಡುತ್ತೇನೆ, ಇದ್ದರೆ ಅದಕ್ಕೆ ಚಿಕಿತ್ಸೆ. ದಿನಾ ಕುಡಿಯುವವನನ್ನು ಒಮ್ಮೆಲೇ ಬಿಡು ಎಂದು ಕಳಿಸದೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಆತಂಕಕ್ಕೆ ಕೆಲವು ದಿನ ಗುಳಿಗೆ ಬೇಕೇಬೇಕು ಎನ್ನುವ, ಕುಡಿಯದ ರೋಗಿಗೂ ತಿಂಗಳ ಬದಲು ಒಂದು ವಾರಕ್ಕೆ ಮಾತ್ರ ಬರೆಯುತ್ತೇನೆ. ಚೀಟಿಯ ಕೆಳಗೆ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಎರಡು ಸಾಲು: "ಈ ಗುಳಿಗೆ ಇರುವಷ್ಟು ದಿನ ಎಣ್ಣೆ, ಸೇಂದಿ, ಬಿಯರ್ ಯಾವುದೂ ಬೇಡ. ಗುಳಿಗೆಯನ್ನು ಬೇರೆ ಯಾರಿಗೂ ಕೊಡಬೇಡಿ." ಓದಲು ಬಾರದವರಿಗೆ ನರ್ಸಮ್ಮ ಓದಿ ಹೇಳಿ, ಮರಳಿ ಅವರ ಬಾಯಲ್ಲಿ ಹೇಳಿಸುತ್ತಾರೆ. ಒಂದು ವಾರದ ನಂತರ ಬರಬೇಕಾದ ದಿನವನ್ನೂ ಅಲ್ಲೇ ಬರೆದಿರುತ್ತೇವೆ. ಬರದಿದ್ದರೆ ಆಶಾ ಕಾರ್ಯಕರ್ತೆಗೆ ಫೋನು ಹೋಗುತ್ತದೆ.